ಗೆರೆ ಎಳೆಯದೆ ಚುಚ್ಚಿದ ಸೂಜಿ

ನಮ್ಮ ಅತ್ತಿಗೆಯ ಬಗ್ಗೆ ಹೇಳಬೇಕೆಂದರೆ ಮೊದಲು ಅವರ ಕೋಪದ ಬಗ್ಗೆಯೇ ಹೇಳಬೇಕು. ಅದು ಸದಾ ಅವರ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಈಗ ಹೇಳಹೊರಟಿರುವ ವಿಷಯದಲ್ಲಿ ಅವರಿಗಿಂತ ಒಂದು ಕೈ ಹೆಚ್ಚು ಕೋಪ ನನಗಿದೆ. ನಡುನಡುವೆ ನಾನೂ ಯಾರನ್ನಾದರೂ ಬೈದರೆ ಓದುವವರು ಸಹಿಸಿಕೊಳ್ಳಬೇಕು.

ಅತ್ತಿಗೆ ಮನೆಗಳಿಗೆ ಬಣ್ಣ ಹೊಡೆಯುವವರು. ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವರ ಜೊತೆ ಬಂದದ್ದು ಒಂದು ಪೆಟ್ಟಿಗೆ ಬಟ್ಟೆ ಮತ್ತು ಒಂದು ಮಡಚುವ ಏಣಿ. ಅಮ್ಮ ಏಣಿಯನ್ನು ಮೇಲಿಂದ ಕೆಳಗೆ ನೋಡಿ, "ಇದನ್ನೆಲ್ಲಿ ಇಡೋದು?" ಎಂದು ಕೇಳಿದಳು. "ನಾನಿರೋ ಕಡೆ, ಅತ್ತೆ" ಎಂದರು ಅತ್ತಿಗೆ. ಆವತ್ತಿನಿಂದ ಅದು ಅವರ ಮಂಚದ ಪಕ್ಕದ ಗೋಡೆಗೆ ಒರಗಿಕೊಂಡಿದೆ. ಅಣ್ಣನಿಗೆ ಸೈಕಲ್ ರಿಪೇರಿ ಅಂಗಡಿ. ಅವನು ಎಷ್ಟು ಸಾಧು ಎಂದರೆ, ಟ್ಯೂಬಿನಲ್ಲಿ ತೂತು ಸಿಗದಿದ್ದರೆ ಟ್ಯೂಬಿನ ಹತ್ತಿರವೇ ಕ್ಷಮೆ ಕೇಳಿಯಾನು. ಏಣಿಯ ಬಗ್ಗೆ ಅವನು ತುಟಿ ಪಿಟಕ್ಕೆನ್ನಲಿಲ್ಲ.

ನನಗೆ ಕೆಲಸ ಕಲಿಸಿದ್ದು ಅತ್ತಿಗೆಯೇ. ಮೊದಲ ದಿನವೇ ನಾನು ಯಾರದೋ ಹೊಸ ನೆಲದ ಮೇಲೆ ಒಂದು ಬಕೆಟ್ ಬಣ್ಣ ಕವುಚಿದೆ. ಅಲ್ಲಿಂದ ನನ್ನ ಹೆಸರು ಬಕೆಟ್ಟು ಎಂದಾಯಿತು, ಈಗಲೂ ಹಾಗೆಯೇ ಕರೆಯುತ್ತಾರೆ. ಅವರು ಏಣಿಯ ಮೇಲೆ, ನಾನು ಕೆಳಗೆ ಏಣಿ ಹಿಡಿದುಕೊಂಡು ನಿಲ್ಲುವುದು. ಅವರು ಏಣಿಯ ಮೇಲೆ ನಿಲ್ಲುವ ರೀತಿಯೇ ಬೇರೆ. ಉಳಿದ ಪೇಂಟರುಗಳು ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಬ್ರಷ್ ಹಿಡಿಯುತ್ತಾರೆ. ಅತ್ತಿಗೆ ಬಲಗಾಲನ್ನು ಮೆಟ್ಟಿಲ ಒಳಕ್ಕೆ ತೂರಿಸಿ, ಏಣಿಯ ಕಾಲನ್ನು ಒಳತೊಡೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ಎರಡೂ ಕೈ ಬಿಟ್ಟು ಕೆಲಸ ಮಾಡುತ್ತಿದ್ದರು. ಒಂದು ಕೈಯಲ್ಲಿ ಡಬ್ಬ, ಒಂದು ಕೈಯಲ್ಲಿ ಬ್ರಷ್. "ಏಣಿ ಹಿಡಿಯೋದು ಕೈಯಿಂದಲ್ಲ ಕಣೇ, ತೊಡೆಯಿಂದ" ಎನ್ನುತ್ತಿದ್ದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಅವರಿಗೆ ಇನ್ನೊಂದು ಹಟವಿತ್ತು. ಗೋಡೆಯನ್ನು ಕೆರೆದು ನೋಡದೆ ಬಣ್ಣ ಮುಟ್ಟುತ್ತಿರಲಿಲ್ಲ. ಒಮ್ಮೆ ಮೂರನೇ ಮಹಡಿಯ ಒಂದು ಮನೆಯಲ್ಲಿ ಕಿಟಕಿಯ ಕೆಳಗಿನ ಗೋಡೆ ಹಸಿಯಾಗಿ ಉಬ್ಬಿತ್ತು. ಬಾಡಿಗೆಗೆ ಜನ ನೋಡಲು ಬರುತ್ತಾರೆ, ಮೇಲಿಂದ ಎರಡು ಕೈ ಬಣ್ಣ ಹೊಡೆದುಬಿಡಿ ಎಂದ ಮನೆಯ ಯಜಮಾನ. ಅತ್ತಿಗೆ ಬಾಯಿಗೆ ಬಂದಂತೆ ಬೈದು, ಏಣಿ ಮಡಚಿ, ನನ್ನ ಎರಡೂ ಕೈಗೆ ಬಕೆಟ್ ಕೊಟ್ಟು ಮೆಟ್ಟಿಲಿಳಿಸಿದರು. "ಒಳಗೆ ಕೊಳೀತಿರೋದ್ರ ಮೇಲೆ ನನ್ನ ಬ್ರಷ್ ಓಡಲ್ಲ" ಎಂದು ಪ್ರತಿ ಮಹಡಿಯಲ್ಲೂ ಒಂದೊಂದು ಸಲ ಹೇಳಿದರು. ಯಜಮಾನನಿಗೆ ಕೇಳಿಸಿತೋ ಇಲ್ಲವೋ, ಕೆಳಗಿನ ಎರಡು ಮನೆಯವರು ಬಾಗಿಲು ತೆರೆದು ನೋಡಿದರು.

ಇಂಥವರು ತಮ್ಮ ಬಲತೊಡೆಯಲ್ಲಿ ಎದ್ದ ಗಂಟನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರು.

ಅದಕ್ಕೂ ಒಂದು ಕಾರಣವಿತ್ತು. ಏಣಿ ಜಾರಿ ತೊಡೆಗೆ ಬಡಿದಿತ್ತು, ಅಲ್ಲೇ ಗಂಟಾಗಿದೆ ಎಂದು ಎಲ್ಲರೂ ನಂಬಿದೆವು. ಮನೆಯಲ್ಲಿ ಅದಕ್ಕೆ ಏಣಿಗಂಟು ಎಂದು ಹೆಸರೂ ಬಿತ್ತು. ನೋವಿರಲಿಲ್ಲ. ನೋವಿಲ್ಲದಿದ್ದರೆ ನಮ್ಮ ಮನೆಯಲ್ಲಿ ಅದು ಕಾಯಿಲೆಯೇ ಅಲ್ಲ. ನಿಂಬೆಹಣ್ಣಿನಷ್ಟಿದ್ದದ್ದು ಕಿತ್ತಳೆಯಷ್ಟಾಯಿತು. ಕೆಲಸದ ಪ್ಯಾಂಟು ಒಂದೇ ಕಾಲಿಗೆ ಬಿಗಿಯಾಗತೊಡಗಿತು.

"ಗೋಡೆ ಆಗಿದ್ರೆ ಇಷ್ಟೊತ್ತಿಗೆ ಕೆರೆದು ನೋಡ್ತಿದ್ರಿ" ಎಂದೆ ನಾನು ಒಂದು ದಿನ.

"ಗೋಡೆ ಬಾಯಿ ಬಡ್ಕೊಳಲ್ಲ. ನೀನು ಬಡ್ಕೋತೀಯ. ಸುಮ್ನೆ ಏಣಿ ಹಿಡಿ."

ಕೊನೆಗೆ ಗಂಟೇ ಅವರನ್ನು ಏಣಿಯಿಂದ ಇಳಿಸಿತು. ತೊಡೆಯಿಂದ ಒತ್ತಿ ಹಿಡಿಯಲು ಹೋದರೆ ನಡುವೆ ಗಂಟು ಸಿಕ್ಕಿ ಹಿಡಿತ ಕೂರುತ್ತಿರಲಿಲ್ಲ. ಅಂದು ಸಂಜೆ ಊಟಕ್ಕೆ ಕೂತಾಗ, "ನಾಳೆ ಡಾಕ್ಟ್ರಿಗೆ ತೋರಿಸ್ತೀನಿ" ಎಂದರು.

ಅಮ್ಮ ತಟ್ಟೆ ಕೆಳಗಿಟ್ಟಳು. "ತೋರ್ಸು, ಬೇಡ ಅನ್ನಲ್ಲ. ಆದ್ರೆ ಸೂಜಿ ಹಾಕೋಕೆ ಬಿಡಬೇಡ. ನಿಮ್ಮ ದೊಡ್ಡತ್ತೆ ಕಥೆ ಗೊತ್ತಲ್ಲ, ಸೂಜಿ ಚುಚ್ಚಿದ್ದೇ ಚುಚ್ಚಿದ್ದು, ಮೈಯೆಲ್ಲ ಹರಡಿಬಿಡ್ತು."

ದೊಡ್ಡತ್ತೆ ಎಂದರೆ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಅವರ ಭುಜದ ಗಂಟಿನ ಕಥೆಯನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ.

"ಅವರು ಆ ಗಂಟನ್ನ ಸೆರಗಿನಡಿ ಎಷ್ಟು ವರ್ಷ ಮುಚ್ಚಿಟ್ಕೊಂಡಿದ್ರು, ಅದನ್ನೂ ಹೇಳಿ ಅತ್ತೆ" ಎಂದರು ಅತ್ತಿಗೆ. "ಸೂಜಿ ಹಾಕೋ ಹೊತ್ತಿಗೆ ಎಲ್ಲ ಮುಗಿದಿತ್ತು. ಸುಮ್ನೆ ಸೂಜಿ ಮೇಲೆ ಹಾಕ್ತೀರ."

ಅಮ್ಮ ಮುಖ ಗಂಟಿಕ್ಕಿಕೊಂಡಳು. ಅಣ್ಣ ಅನ್ನದ ತಟ್ಟೆಯನ್ನೇ ನೋಡುತ್ತಾ ಕೂತಿದ್ದ.

ಮರುದಿನ ನಾವು ಹೋದದ್ದು ನಗು ಡಾಕ್ಟರ ಹತ್ತಿರ. ಅವರು ಸದಾ ನಗುತ್ತಾರೆಂದು ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಅಮ್ಮನ ಬಿಪಿಗೂ ಅವರೇ, ನನ್ನ ಕೆಮ್ಮಿಗೂ ಅವರೇ. ಅವರ ಕ್ಲಿನಿಕ್ಕಿಗೆ ಬಣ್ಣ ಹೊಡೆದವರೇ ನಾವು. ಮೂರು ಕೋಣೆ, ತಿಳಿಹಸಿರು ಬಣ್ಣ, ಒಳಗಿನ ಸಣ್ಣಪುಟ್ಟ ಆಪರೇಷನ್ ಕೋಣೆಗೆ ಮಾತ್ರ ಬಿಳಿ. ಆ ಕೋಣೆಯ ಸೂರಿನ ಮೂಲೆಯಲ್ಲಿ ಅತ್ತಿಗೆ ಅರ್ಧ ದಿನ ತಲೆ ಮೇಲೆತ್ತಿ ಕೆಲಸ ಮಾಡಿದ್ದರು. ಡಾಕ್ಟರು ನಮ್ಮ ಕೈಗೆ ತಾವೇ ಟೀ ತಂದು ಕೊಟ್ಟಿದ್ದರು. ಅಂದರೆ ಪರಿಚಯ, ಸಲಿಗೆ, ಒಂದು ಬಗೆಯ ನಂಟು. ಹಾಳಾದ್ದು ಅದೇ.

ಡಾಕ್ಟರು ತೊಡೆಯನ್ನು ಎರಡು ಬೆರಳಿನಲ್ಲಿ ಅದುಮಿ, "ಕೊಬ್ಬಿನ ಗಂಟಿರ್ಬೇಕು" ಎಂದರು. "ಒಂದು ಸೂಜಿ ಹಾಕಿ ನೋಡೇಬಿಡೋಣ. ನಿಮಗೆ ಅಂತ ಈಗಲೇ ಮಾಡ್ತೀನಿ. ಮತ್ತೆ ಮತ್ತೆ ಬರೋ ತೊಂದರೆ ಬೇಡ."

"ಮೊದಲು ಸ್ಕ್ಯಾನ್ ಏನೂ ಬೇಡ್ವಾ?" ಎಂದು ಅತ್ತಿಗೆ ಕೇಳಿದರು. ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

"ಕೈಗೇ ಸಿಗ್ತಿದೆಯಲ್ಲ, ಸ್ಕ್ಯಾನ್ ಯಾಕೆ?" ಡಾಕ್ಟರು ನಕ್ಕರು.

ನಾವೇ ಬಿಳಿ ಬಣ್ಣ ಹೊಡೆದ ಆ ಕೋಣೆಯಲ್ಲಿ ಅತ್ತಿಗೆಯನ್ನು ಮಲಗಿಸಿದರು. ಮೊಣಕಾಲು ಮಡಚಿ ಹೊರಕ್ಕೆ ಬಾಗಿಸಿದರು. ಹಾಗೆ ಮಲಗಿದಾಗ ಗಂಟು ಒಳಗಡೆಗೆ ವಾಲಿ ಡಾಕ್ಟರ ಕೈಗೆ ಸುಲಭವಾಗಿ ಸಿಕ್ಕಿತು. ಅವರು ನಿಂತಿದ್ದದ್ದೂ ಆ ಕಡೆಯೇ. ಹಾಗಾಗಿ ಒಳತೊಡೆಯಿಂದಲೇ ಚುಚ್ಚಿದರು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಕೈಗೆ ಎಲ್ಲಿ ಹತ್ತಿರವಾಯಿತೋ ಅಲ್ಲಿಂದ. ಮೊದಲ ಸಲ ಸರಿಯಾಗಿ ಬರಲಿಲ್ಲವೆಂದು ಸ್ವಲ್ಪ ಪಕ್ಕಕ್ಕೆ ಇನ್ನೊಂದು, ಕೆಳಗೆ ಮತ್ತೊಂದು, ಹೀಗೆ ನಾಲ್ಕು ತೂತು. ನಾಲ್ಕನೆಯದರಲ್ಲಿ ಸಿರಿಂಜಿನ ತುಂಬ ಬರೀ ರಕ್ತ. ಅತ್ತಿಗೆ ಹಲ್ಲು ಕಚ್ಚಿ ನನ್ನ ಕೈ ಹಿಂಡುತ್ತಿದ್ದರು. ಡಾಕ್ಟರು ಪ್ಲಾಸ್ಟರ್ ಹಚ್ಚಿ, "ಆಯ್ತು, ಇಷ್ಟೇ" ಎಂದು ನಕ್ಕು ಕಳಿಸಿದರು.

ಮನೆಗೆ ಬಂದ ಮೇಲೆ ತೊಡೆಯ ಒಳಭಾಗ ನೀಲಿಗಟ್ಟಿತು. ಮೊಣಕಾಲಿನವರೆಗೆ ಇಳಿಯಿತು. ಅಮ್ಮ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಆ ನೀಲಿಯ ಅರ್ಥ ನಮಗೆ ತಿಳಿದಿರಲಿಲ್ಲ, ತಿಳಿದಿರಬೇಕಾದ ಅಗತ್ಯವೂ ಇರಲಿಲ್ಲ. ತಿಳಿದಿರಬೇಕಾದವರು ಕ್ಲಿನಿಕ್ಕಿನಲ್ಲಿ ಕೂತಿದ್ದರು.

ರಿಪೋರ್ಟ್ ಬಂದ ದಿನ ನಗು ಡಾಕ್ಟರು ನಗಲಿಲ್ಲ. ಕೊಬ್ಬಿನ ಗಂಟಲ್ಲ, ಕೆಟ್ಟ ಗೆಡ್ಡೆ ಇರುವಂತಿದೆ, ಆದರೆ ಯಾವ ಬಗೆಯದು ಎಂದು ಹೇಳಲು ಸಿಕ್ಕ ತುಣುಕು ಸಾಲದು ಎಂದರು. ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಕೈ ತೊಳೆದುಕೊಂಡರು.

ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ಮತ್ತು ಮಾಂಸದ ಗೆಡ್ಡೆಗಳಿಗೆಂದೇ ಒಂದು ವಿಭಾಗವಿತ್ತು. ಉದ್ದದ ಕಾರಿಡಾರು, ಎರಡೂ ಕಡೆ ಬೆಂಚು, ಬೆಂಚಿನ ತುಂಬ ಜನ. ಗೋಡೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಕಾಯುವಷ್ಟು ಹೊತ್ತೂ ಅತ್ತಿಗೆ ಉಗುರಿನಿಂದ ಅದನ್ನು ಕೆರೆಯುತ್ತಾ, "ಪ್ರೈಮರೇ ಹಾಕಿಲ್ಲ ಮುಂಡೇವು" ಎಂದು ಗೊಣಗುತ್ತಿದ್ದರು. ಅವರಿಗೆ ಹೆದರಿಕೆಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಒಳಗಿದ್ದ ಸರ್ಜನ್ ಮೇಡಂ ಕುಳ್ಳಗಿನವರು, ತಲೆಗೂದಲನ್ನು ಬಿಗಿಯಾಗಿ ಎತ್ತಿ ಕಟ್ಟಿದ್ದರು. ತೊಡೆಯ ಮುಂಭಾಗವನ್ನು ಮುಟ್ಟಿ ನೋಡಿದರು. ಆಮೇಲೆ ಕಾಲನ್ನು ಹೊರಳಿಸಿದರು. ಒಣಗುತ್ತಿದ್ದ ನಾಲ್ಕು ತೂತುಗಳೂ ಹಳದಿಗೆ ತಿರುಗುತ್ತಿದ್ದ ನೀಲಿಯೂ ಕಂಡಾಗ ಅವರ ಕೈ ನಿಂತಿತು.

"ಯಾರು ಮಾಡಿದ್ದು ಇದು?"

ಅತ್ತಿಗೆ ಹೇಳಿದರು.

"ಇಲ್ಲಿಂದ ಯಾಕೆ ಚುಚ್ಚಿದ್ರು?"

"ಅವರಿಗೆ ಹತ್ತಿರ ಆಯ್ತು ಅಂತ ಕಾಣುತ್ತೆ" ಎಂದರು ಅತ್ತಿಗೆ.

ಮೇಡಂ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಕುತ್ತಿಗೆ ಕೆಂಪಾಗಿತ್ತು. ಕುರ್ಚಿ ಎಳೆದು ನಮ್ಮ ಹತ್ತಿರ ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಸೂಜಿ ಹಾಕಿದ್ರೆ ಮೈಯೆಲ್ಲ ಹರಡುತ್ತೆ ಅಂತಾರಲ್ಲ, ಅದು ಸುಳ್ಳು. ಸೂಜಿ ಹಾಕದೆ ಇದು ಯಾವ ಗೆಡ್ಡೆ ಅಂತ ನಮಗೂ ಗೊತ್ತಾಗಲ್ಲ. ಆದ್ರೆ ಸೂಜಿ ಹೋಗಿ ಬಂದ ದಾರಿಯಲ್ಲಿ ಗೆಡ್ಡೆಯ ಕಣ ಒಂದೋ ಎರಡೋ ಉಳಿದಿರಬಹುದು. ಅದಕ್ಕೇ ಆಪರೇಷನ್ನಲ್ಲಿ ಆ ದಾರಿಯನ್ನೂ ಗೆಡ್ಡೆ ಜೊತೆಗೇ ಕುಯ್ದು ತೆಗೀತೀವಿ. ಹಾಗಾಗಿ ಎಲ್ಲಿ ಕುಯ್ಯೋದು ಅಂತ ಮೊದಲೇ ಗೆರೆ ಹಾಕ್ಕೋಬೇಕು. ಆ ಗೆರೆ ಮೇಲೇ ಸೂಜಿ. ಗೆರೆ ಹಾಕ್ಬೇಕಾದವರು ಆಮೇಲೆ ಕುಯ್ಯೋರು, ಬೇರೆ ಯಾರೂ ಅಲ್ಲ."

"ನನಗೆ ಗೆರೆ ಹಾಕಿಲ್ಲ" ಎಂದರು ಅತ್ತಿಗೆ.

"ಇಲ್ಲ. ನಿಮ್ಮ ಗೆಡ್ಡೆ ಇರೋದು ಮುಂದಿನ ಮಾಂಸದಲ್ಲಿ. ಮುಂದಿನಿಂದ ಬಂದಿದ್ರೆ ಅಷ್ಟರಲ್ಲೇ ಮುಗೀತಿತ್ತು. ಅವರು ಬಂದಿರೋದು ಇದಕ್ಕೆ ಸಂಬಂಧವೇ ಇಲ್ಲದ ಒಳಗಡೆ ಮಾಂಸದ ಮೂಲಕ, ದೊಡ್ಡ ರಕ್ತನಾಳದ ಪಕ್ಕದಲ್ಲೇ. ಅದೂ ನಾಲ್ಕು ಸಲ. ಮೇಲಿಂದ ರಕ್ತ ಬೇರೆ ಹರಡಿದೆ. ಈಗ ಅದೆಲ್ಲ ನನಗೆ ಅನುಮಾನದ ಜಾಗ."

"ಕಾಲು ಉಳಿಯುತ್ತಾ?"

"ಉಳಿಸೋಕೆ ನೋಡ್ತೀನಿ. ರಕ್ತನಾಳದ ಸುತ್ತ ಸೇರಿಕೊಂಡಿದ್ರೆ ಉಳಿಯಲ್ಲ. ಉಳಿದ್ರೂ ಒಳತೊಡೆಯ ಮಾಂಸ ಬಹಳ ಹೋಗುತ್ತೆ."

"ಏಣಿ ಹತ್ತಬಹುದಾ?"

"ಏಣಿನಾ?"

"ಬಣ್ಣ ಹೊಡೀತೀನಿ."

ಮೇಡಂ ಕಣ್ಣು ಕೆಳಗೆ ಹಾಕಿದರು. "ಮೊದಲು ಕಾಲಿನ ಮಾತಾಡೋಣ" ಎಂದರು. ಒಬ್ಬ ಮನುಷ್ಯ ಮೇಜಿನ ಆ ಕಡೆ ಸುತ್ತಿಕೊಂಡು ಬಂದು ನಿಂತಿದ್ದರೆ ಸಾಕಿತ್ತು. ಅದೂ ಬೇಡ, ಸೂಜಿಯನ್ನೇ ಕೈಗೆತ್ತಿಕೊಳ್ಳದೆ ಇಲ್ಲಿಗೆ ಕಳಿಸಿದ್ದರೆ ಸಾಕಿತ್ತು. ಉಪಕಾರ ಮಾಡಲು ಹೋಗಿ ಒಂದು ಕಾಲನ್ನು ಪಣಕ್ಕಿಟ್ಟುಬಿಟ್ಟಿದ್ದರು.

ಗೆಡ್ಡೆಯ ಬಗೆ ತಿಳಿಯದೆ ಯಾವ ಚಿಕಿತ್ಸೆಯೂ ಶುರುವಾಗುವಂತಿರಲಿಲ್ಲ. ಹಾಗಾಗಿ ಇನ್ನೊಮ್ಮೆ ಸೂಜಿ, ಈ ಸಲ ದಪ್ಪನೆಯದು, ಸರಿಯಾದ ತುಣುಕು ಸಿಗುವಂಥದು, ಹಾಕಲೇಬೇಕೆಂದು ಮೇಡಂ ಹೇಳಿದರು. ಅದನ್ನು ಮನೆಯಲ್ಲಿ ಹೇಳಿದ್ದೇ ತಡ, ಅಮ್ಮ ಎದ್ದು ನಿಂತಳು.

"ನಾನು ಬಡ್ಕೊಂಡೆ ಸೂಜಿ ಬೇಡ ಅಂತ. ಈಗ ಡಾಕ್ಟ್ರೇ ಹೇಳಿದ್ರಲ್ಲ, ಚುಚ್ಚಿದ ದಾರಿಯಲ್ಲಿ ಬಿದ್ದಿರುತ್ತೆ ಅಂತ. ಇನ್ನೂ ಒಂದು ಸಲ ಚುಚ್ಚಿಸ್ಕೋತಾಳಂತೆ. ಲೇಪ ಹಚ್ಚೋರು ಒಬ್ಬರಿದ್ದಾರೆ, ಅಲ್ಲಿಗೆ ಹೋಗೋಣ."

ಅಣ್ಣ ಎಂದೂ ಬಾಯಿಬಿಡದವನು ಅಂದು ಬಾಯಿಬಿಟ್ಟ. ಅದೂ ಅಮ್ಮನ ಪರವಾಗಿ. "ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ ಕಣೇ. ಒಂದ್ಸಲ ಆಗಿದ್ದು ಸಾಕು. ಮತ್ತೆ ಚುಚ್ಚಿಸೋದು ಬೇಡ."

ಅತ್ತಿಗೆಯ ಕೋಪ ನೆತ್ತಿಗೇರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂದಿನದು ಬೇರೆಯದೇ ಆಗಿತ್ತು. ದನಿ ಏರಲೇ ಇಲ್ಲ.

"ರೀ, ಆ ಮನುಷ್ಯ ಕೈಗೆ ಸಿಕ್ಕಿದ ಕಡೆಯಿಂದ ಚುಚ್ಚಿದ. ಅವನ ಮೇಲಿನ ಸಿಟ್ಟನ್ನ ಈ ಮೇಡಂ ಮೇಲೆ ತೀರಿಸಿಕೊಳ್ಳಲಾ? ಸೂಜಿ ತಪ್ಪಲ್ಲ, ಹಿಡಿದ ಕೈ ತಪ್ಪು. ನೀವು ಲೇಪ ಹಚ್ಚಿಸಿದ್ರೆ ಒಳಗೆ ಬೆಳೀತಿರೋದು ಹೆದರಿ ಓಡಿಹೋಗುತ್ತಾ? ಹಸಿ ಗೋಡೆಗೆ ಬಣ್ಣ ಹಚ್ಚು ಅಂದವನ ಮನೆಯಿಂದ ಎದ್ದು ಬಂದೋಳು ನಾನು. ನನ್ನ ಮೈಗೆ ನೀವು ಹಾಗೆ ಹಚ್ಚಿಸ್ತೀರಾ?"

ಅಣ್ಣ ತಲೆ ತಗ್ಗಿಸಿದ. ಅಮ್ಮ ಅಳತೊಡಗಿದಳು. ಅತ್ತಿಗೆ ಅತ್ತೆಯ ಅಳುವಿಗೆ ಸೊಪ್ಪು ಹಾಕಲಿಲ್ಲ. ಬೆಳಿಗ್ಗೆ ನಾನೂ ಅವರೂ ಹೊರಟು ನಿಂತಾಗ ಅಣ್ಣ ಅಂಗಡಿಯ ಬಾಗಿಲು ಹಾಕಿ ನಮ್ಮ ಹಿಂದೆ ಬಂದ.

ಮೊದಲು ಸ್ಕ್ಯಾನ್ ಮಾಡಿದರು. ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಅತ್ತಿಗೆಯನ್ನು ಅಂಗಾತ ಮಲಗಿಸಿದರು. ಸೂಜಿ ಹಾಕುವ ಡಾಕ್ಟರು ಬೇರೆಯವರು, ಮೆತ್ತಗಿನ ದನಿಯ ಮನುಷ್ಯ. ಆದರೆ ಅವರು ಸೂಜಿ ಮುಟ್ಟುವ ಮೊದಲು ಸರ್ಜನ್ ಮೇಡಂ ಬಂದರು. ಜೇಬಿನಿಂದ ನೀಲಿ ಪೆನ್ನು ತೆಗೆದು ತೊಡೆಯ ಮುಂಭಾಗದಲ್ಲಿ ಮೇಲಿಂದ ಕೆಳಗೆ ಒಂದು ನೇರ ಗೆರೆ ಎಳೆದರು. "ನಾನು ಕುಯ್ಯೋದು ಇಲ್ಲಿ. ಈ ಗೆರೆ ಬಿಟ್ಟು ಆಚೀಚೆ ಹೋಗಬೇಡಿ" ಎಂದರು. ಸೂಜಿ ಡಾಕ್ಟರು ಪರದೆಯ ಮೇಲೆ ಗೆಡ್ಡೆಯನ್ನು ನೋಡುತ್ತಾ, ಮರಗಟ್ಟುವ ಔಷಧಿ ಕೊಟ್ಟು, ಗೆರೆಯ ಮೇಲೇ ಒಂದು ಜಾಗ ಹಿಡಿದರು. ಒಂದೇ ತೂತು. ಅದರೊಳಗಿಂದಲೇ ಸೂಜಿಯನ್ನು ಸ್ವಲ್ಪ ಸ್ವಲ್ಪ ಬೇರೆ ದಿಕ್ಕಿಗೆ ತಿರುಗಿಸಿ ಹಲವು ತುಣುಕು ತೆಗೆದರು. ಪ್ರತಿ ಸಲವೂ ಸ್ಪ್ರಿಂಗು ಟಕ್ಕೆನ್ನುತ್ತಿತ್ತು. ಸಣ್ಣ ಬಾಟಲಿಯ ನೀರಿನಂಥ ದ್ರವದಲ್ಲಿ ದಾರದ ಚೂರುಗಳಂತೆ ಮಾಂಸದ ತುಣುಕುಗಳು ಮುಳುಗಿದವು. ಮುಗಿದ ಮೇಲೆ ತೂತನ್ನು ಬಹಳ ಹೊತ್ತು ಒತ್ತಿ ಹಿಡಿದು, ಅಲ್ಲೊಂದು ಅಳಿಸದ ಚುಕ್ಕೆ ಇಟ್ಟರು, ಆಪರೇಷನ್ ದಿನ ಮೇಡಂಗೆ ಕಾಣಲಿ ಎಂದು.

ಹೊರಗೆ ಬಂದಾಗ ಅತ್ತಿಗೆ, "ನೂಲು ಹಿಡಿದು ಗೆರೆ ಎಳೆದುಕೊಂಡು ಕೆಲಸ ಶುರುಮಾಡೋ ಜನ ಇವರು" ಎಂದರು. ಸ್ವಲ್ಪ ದೂರ ನಡೆದು ಮತ್ತೆ ನಿಂತರು. "ಅವನಿಗೂ ಒಂದು ಪೆನ್ನಿತ್ತಲ್ಲೇ, ಜೇಬಲ್ಲಿ." ಅಷ್ಟು ಹೇಳಿ ಗೋಡೆಗೆ ಹಣೆ ಹಚ್ಚಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಣ್ಣ ಅವರ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

ಗೆಡ್ಡೆಯ ಬಗೆ ಗೊತ್ತಾಯಿತು. ಅದಕ್ಕೊಂದು ಉದ್ದ ಹೆಸರಿತ್ತು, ಸಾರ್ಕೋಮಾ ಎಂಬ ಬಾಲವಿತ್ತು. ಬೇರೆಲ್ಲೂ ಹರಡಿರಲಿಲ್ಲ. ಮೊದಲು ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು, ಮುಂಭಾಗಕ್ಕೆ ಮಾತ್ರ ಕೊಡಬೇಕಾದದ್ದನ್ನು ಒಳಭಾಗಕ್ಕೂ ಸೇರಿಸಿ ಕೊಟ್ಟರು. ಚರ್ಮ ಸುಟ್ಟು ಕಪ್ಪಾಯಿತು. ಅತ್ತಿಗೆ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು ಬಂದವರನ್ನೆಲ್ಲ ಬೈಯುತ್ತಿದ್ದರು. ಅಮ್ಮ ಬೈಸಿಕೊಳ್ಳುತ್ತಲೇ ಒದ್ದೆ ಬಟ್ಟೆ ಹಾಸುತ್ತಿದ್ದಳು.

ಆಪರೇಷನ್ ಮುಗಿಸಿ ಮೇಡಂ ಹೊರಗೆ ಬಂದಾಗ ನಾವು ಮೂವರೂ ಒಟ್ಟಿಗೆ ಎದ್ದೆವು. "ಕಾಲು ಇದೆ" ಎಂದರು. ರಕ್ತನಾಳದ ಮೇಲಿನ ಪೊರೆಯನ್ನು ಸುಲಿದು ತೆಗೆದು ಕಾಲು ಉಳಿಸಿದ್ದರು. ತಾವು ಗೆರೆ ಎಳೆದ ಮುಂದಿನ ದಾರಿ ಗೆಡ್ಡೆಯ ಜೊತೆ ಒಂದೇ ತುಂಡಾಗಿ ಬಂದಿತ್ತು. ಒಳಗಿನ ನಾಲ್ಕು ದಾರಿಗಳಿಗಾಗಿ ಒಳತೊಡೆಯ ಮಾಂಸವನ್ನು ಬಹುಪಾಲು ತೆಗೆಯಬೇಕಾಯಿತು. ಆಮೇಲೆ ಅದನ್ನೆಲ್ಲ ಪರೀಕ್ಷೆ ಮಾಡಿದಾಗ ಆ ನಾಲ್ಕರಲ್ಲಿ ಒಂದು ದಾರಿಯಲ್ಲಿ ಗೆಡ್ಡೆಯ ಕಣಗಳು ಸಿಕ್ಕವು. ತೆಗೆಯದೆ ಬಿಟ್ಟಿದ್ದರೆ ಅಲ್ಲಿ ಮತ್ತೆ ಬೆಳೆಯುತ್ತಿತ್ತು ಎಂದರು ಮೇಡಂ.

ಅಮ್ಮ ಮಂಚದ ಹತ್ತಿರ ಕೂತು ಮೆಲ್ಲಗೆ, "ಅಂದ್ರೆ ನಾನು ಹೇಳಿದ್ದು ಸರಿಯೇ ಆಯ್ತಲ್ಲ" ಎಂದಳು.

"ಅರ್ಧ ಸರಿ ಅತ್ತೆ" ಎಂದರು ಅತ್ತಿಗೆ. "ನಿಮ್ಮ ಅರ್ಧ ಸರಿಯನ್ನ ನಂಬಿದ್ದಿದ್ರೆ ನಾನಿಷ್ಟೊತ್ತಿಗೆ ಸುಟ್ಟು ಬೂದಿ."

ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ದೊಡ್ಡಮ್ಮನ ಕಥೆಯನ್ನೂ ಆಮೇಲೆ ಹೇಳಿದ್ದನ್ನು ನಾನು ಕೇಳಿಲ್ಲ.

ಕೋಲು ಹಿಡಿದು ಅಂಗಳದಲ್ಲಿ ಓಡಾಡುವಷ್ಟಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ, "ಬಕೆಟ್ಟು, ಏಣಿ ತಾ" ಎಂದರು. ತಂದು ನಿಲ್ಲಿಸಿದೆ. ಎಡಗಾಲು ಮೊದಲ ಮೆಟ್ಟಿಲಿಗಿಟ್ಟರು. ಬಲಗಾಲನ್ನು ಕೈಯಿಂದಲೇ ಎತ್ತಿ ಒಳಕ್ಕೆ ತೂರಿಸಿ ತೊಡೆಯನ್ನು ಒತ್ತಲು ನೋಡಿದರು. ಒತ್ತಲು ಅಲ್ಲಿ ಏನೂ ಇರಲಿಲ್ಲ. ಕಾಲು ಜಾರಿ ಹೊರಬಂತು. ಮತ್ತೆ ಇಟ್ಟರು, ಮತ್ತೆ ಜಾರಿತು. ಆಮೇಲೆ ಅದೇ ಮೆಟ್ಟಿಲ ಮೇಲೆ ಕೂತುಕೊಂಡರು. ನನಗೆ ಅಳು ಬಂತು.

"ನೀನ್ಯಾಕೆ ಅಳ್ತೀಯ? ಇನ್ಮೇಲೆ ಮೇಲೆ ಹತ್ತಬೇಕಾದೋಳು ನೀನು. ಕಣ್ಣಲ್ಲಿ ನೀರಿಟ್ಕೊಂಡು ಗೆರೆ ವಕ್ರ ಎಳೆದ್ರೆ ಕೆಳಗಿಂದಲೇ ಕೋಲಲ್ಲಿ ಹೊಡೀತೀನಿ."

ಮುಂದಿನ ಸೋಮವಾರ ಅವರು ನಗು ಡಾಕ್ಟರ ಕ್ಲಿನಿಕ್ಕಿಗೆ ಹೊರಟರು. ನಾನು ಜೊತೆಗೆ ಹೋದೆ. ಡಾಕ್ಟರು ಎದ್ದು ನಿಂತು ಕುರ್ಚಿ ತೋರಿಸಿದರು. ಅತ್ತಿಗೆ ಕೂರಲಿಲ್ಲ.

"ಮುಂದಿನ ಗಾಯ ಕಾಯಿಲೆದು. ಒಳಗಿನದು ನಿಮ್ಮದು" ಎಂದರು.

ಡಾಕ್ಟರ ಮುಖ ಬಿಳಿಚಿಕೊಂಡಿತು. ಆದರೂ, "ನೋಡಿ, ಕೆಟ್ಟ ಗೆಡ್ಡೆ ಅಂತ ಮೊದಲು ಪತ್ತೆ ಮಾಡಿದ್ದು ನಾನೇ. ರಿಪೋರ್ಟ್ ಸರಿಯಾಗೇ ಇತ್ತಲ್ಲ" ಎಂದರು. ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿಯನ್ನು ಅವರ ಮುಖಕ್ಕೆ ಎಸೆಯಬೇಕೆನ್ನಿಸಿತು.

"ಇನ್ಮೇಲೆ ಯಾರಾದ್ರೂ ಇಂಥ ಗಂಟು ತಂದ್ರೆ ಸೂಜಿ ಮುಟ್ಟಲ್ಲ, ದೊಡ್ಡ ಆಸ್ಪತ್ರೆಗೇ ಕಳಿಸ್ತೀನಿ ಅಂತ ಹೇಳಿ. ಅಷ್ಟು ಸಾಕು."

"ನನ್ನ ಕೆಲಸ ನನಗೆ ಗೊತ್ತಿದೆ" ಎಂದರು ಡಾಕ್ಟರು. "ಹೊರಗೆ ಪೇಷಂಟ್ ಕಾಯ್ತಿದ್ದಾರೆ."

ಅತ್ತಿಗೆ ಹೊರಗೆ ಬಂದು, ಪೇಷಂಟುಗಳು ಕೂರುವ ಬೆಂಚಿನ ಮೇಲೆ ಕೂತರು. ಸೆಟೆದ ಬಲಗಾಲನ್ನು ನಡುದಾರಿಗೆ ಚಾಚಿದರು. ಬಂದವರು ಅದನ್ನು ದಾಟಿಯೇ ಹೋಗಬೇಕಿತ್ತು. ಬಾಗಿಲು ಹಾಕುವವರೆಗೂ ಏಳಲಿಲ್ಲ. ಅಲ್ಲಿಂದ ಪ್ರತಿ ಸೋಮವಾರವೂ ಅದೇ. ಯಾರೇ ಬಂದರೂ, "ಗಂಟಾ? ಎಲ್ಲಿ?" ಎಂದು ಕೇಳುವರು. ಹೊಟ್ಟೆನೋವಿನವನಿಗೂ ಕೇಳಿದರು, ಕಿವಿನೋವಿನ ಅಜ್ಜಿಗೂ ಕೇಳಿದರು. ಕಾಲಿಗೆ ಏನಾಯಿತೆಂದು ಯಾರಾದರೂ ವಿಚಾರಿಸಿದರೆ ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳುವರು, ಒಳಗೆ ಕೂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಕ್ಲಿನಿಕ್ಕಿನ ಹುಡುಗಿ ಒಮ್ಮೆ, "ಎದ್ದು ಹೋಗಿ" ಎಂದಳು. "ಈ ಗೋಡೆಗೆ ಬಣ್ಣ ಹೊಡೆದೋಳು ನಾನು. ಒರಗಿಕೊಳ್ಳೋಕೆ ನಿನ್ನ ಅಪ್ಪಣೆ ಬೇಡ" ಎಂದರು ಅತ್ತಿಗೆ. ಅವಳು ಮತ್ತೆ ಹತ್ತಿರ ಸುಳಿಯಲಿಲ್ಲ. ಅಣ್ಣ ಸಂಜೆ ಅಂಗಡಿ ಮುಚ್ಚಿ ಅಲ್ಲಿಗೇ ಬಂದು ಅವರ ಪಕ್ಕದಲ್ಲಿ ಕೂರುತ್ತಿದ್ದ.

ಒಂದು ಸೋಮವಾರ ಬೇಕರಿಯಲ್ಲಿ ಬ್ರೆಡ್ಡು ಮಾಡುವವನೊಬ್ಬ ಬಂದ. ಅಂಗಿಯ ತೋಳಿನ ಮೇಲೆ ಹಿಟ್ಟು ಇನ್ನೂ ಇತ್ತು. ಮೊಣಕೈಯ ಮೇಲೆ ಒಂದು ಗಂಟು, ಅಂಗಿಯೊಳಗಿಂದಲೇ ಕಾಣುವಷ್ಟು. ಅತ್ತಿಗೆ ಅವನನ್ನು ಏನೂ ಕೇಳಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಾ ಕೂತರು. ಡಾಕ್ಟರು ಬಾಗಿಲು ತೆರೆದು ಅವನನ್ನು ಕರೆದರು, ಅತ್ತಿಗೆಯ ಮುಖ ನೋಡಿದರು, ಬಾಗಿಲು ಹಾಕಿಕೊಂಡರು.

ಅವನು ಬೇಗನೆ ಹೊರಗೆ ಬಂದ.

"ತೋಳು ತೋರ್ಸಪ್ಪ" ಎಂದರು ಅತ್ತಿಗೆ.

ಅವನಿಗೆ ಗಾಬರಿಯಾಯಿತು, ಆದರೂ ಅಂಗಿಯ ತೋಳು ಮೇಲೆತ್ತಿದ. ಅತ್ತಿಗೆ ಗಂಟಿನ ಸುತ್ತ ನೋಡಿದರು, ತೋಳನ್ನು ತಿರುಗಿಸಿ ಒಳಭಾಗವನ್ನೂ ನೋಡಿದರು. ಪ್ಲಾಸ್ಟರ್ ಇರಲಿಲ್ಲ. ಎಲ್ಲೂ ತೂತಿರಲಿಲ್ಲ.

"ದೊಡ್ಡ ಆಸ್ಪತ್ರೆಗೆ ಹೋಗು ಅಂದ್ರು. ಸ್ಕ್ಯಾನ್ ಮೊದಲು, ಸೂಜಿ ಅಲ್ಲಿಯವರೇ ಹಾಕ್ತಾರೆ, ನಾನು ಮುಟ್ಟಲ್ಲ ಅಂದ್ರು" ಎಂದ ಅವನು.

ಅವನು ಹೋದ ಮೇಲೆ ಡಾಕ್ಟರು ಬಾಗಿಲಿಗೆ ಬಂದು ನಿಂತರು. ನಗು ಎಂಬುದು ಆ ಮುಖದಲ್ಲಿ ಎಂದಾದರೂ ಇತ್ತೇ ಎನ್ನುವಂತಿದ್ದರು. "ಮುಟ್ಟದೇ ಕಳಿಸ್ದೆ. ನೀವು ಕೇಳಿದ್ದು ಅದೇ ಅಲ್ವಾ?" ಎಂದರು. "ಇನ್ನಾದ್ರೂ ಇಲ್ಲಿ ಬಂದು ಕೂರೋದು ನಿಲ್ಲಿಸ್ತೀರಾ?"

ಅತ್ತಿಗೆ ಕೋಲೂರಿ ಎದ್ದರು. ಬಲಗಾಲನ್ನು ಕೈಯಿಂದ ಎಳೆದು ನೆಟ್ಟಗೆ ಮಾಡಿಕೊಂಡರು.

"ಈ ಕಾಲು ಏಣಿ ಹತ್ತಿದ ದಿನ ನಿಲ್ಲಿಸ್ತೀನಿ, ಡಾಕ್ಟ್ರೇ" ಎಂದರು.

ಮುಂದಿನ ಸೋಮವಾರವೂ ಹೋದೆವು.